ಇನ್ನೊಂದೇ ಒಂದು ಸೀಸನ್

2012ರ ಜನವರಿ 8, ಭಾನುವಾರ. ಮ್ಯಾಂಚೆಸ್ಟರ್ ಸಿಟಿಯ ಎತಿಹಾದ್ ಮೈದಾನದಲ್ಲಿ ಎಫ್‌ಎ ಕಪ್ ಮೂರನೇ ಸುತ್ತಿನ ಪಂದ್ಯ. ಎದುರಾಳಿ ಅದೇ ಊರಿನ ಯುನೈಟೆಡ್. ಆಟಕ್ಕೆ ಮುಂಚೆ ಹೊರಬಿದ್ದ ಯುನೈಟೆಡ್ ಪಟ್ಟಿಯ ಬದಲಿ ಆಟಗಾರರ ಸಾಲಿನಲ್ಲಿ, 22ನೇ ನಂಬರಿನ ಪಕ್ಕದಲ್ಲಿ, ಪಾಲ್ ಸ್ಕೋಲ್ಸ್ ಅಂತ ಬರೆದಿತ್ತು. ಅವರು ನಿವೃತ್ತಿ ಹೇಳಿ ಏಳು ತಿಂಗಳಾಗಿತ್ತು. ವಯಸ್ಸು 37. ಕ್ಲಬ್ಬಿನ ರಿಸರ್ವ್ ಹುಡುಗರಿಗೆ ತರಬೇತಿ ಕೊಡುತ್ತ, ಅವರ ಜೊತೆಗೇ ಮೈ ಬಗ್ಗಿಸುತ್ತ ಇದ್ದವರು. ಡ್ರೆಸಿಂಗ್ ರೂಮಿಗೆ ಬಂದು ಕೂತಾಗ ಜೊತೆ ಆಟಗಾರರಲ್ಲೇ ಎಷ್ಟೋ ಜನಕ್ಕೆ ವಿಷಯ ಗೊತ್ತಿರಲಿಲ್ಲ. ಹಳೆಯ 18ನೇ ನಂಬರು ಆಗಲೇ ಆಶ್ಲೆ ಯಂಗ್ ಪಾಲಾಗಿತ್ತು. ಬೂಟು ಕೊಡುವ ಪ್ರಾಯೋಜಕರೂ ಇಲ್ಲದ್ದರಿಂದ ಅಂಗಡಿಗೆ ಹೋಗಿ ಸ್ವಂತ ದುಡ್ಡಿನಲ್ಲಿ ಒಂದು ಜೊತೆ ಕೊಂಡು ತಂದಿದ್ದರು.

ಮೊದಲರ್ಧ ಮುಗಿಯುವ ಹೊತ್ತಿಗೆ ಯುನೈಟೆಡ್ 3–0 ಮುಂದಿತ್ತು. ಸಿಟಿಯ ನಾಯಕ ಕೊಂಪನಿ ಕೆಂಪು ಕಾರ್ಡ್ ಪಡೆದು ಹೊರಗೆ ಹೋಗಿದ್ದರು. ಹಬ್ಬದ ವಾತಾವರಣ. ಆದರೆ ಎರಡನೇ ಅರ್ಧದಲ್ಲಿ ಹತ್ತೇ ಜನರ ಸಿಟಿ ತಿರುಗಿ ಬಿತ್ತು, ಒಂದು ಗೋಲು ಹೊಡೆಯಿತು. ಆಗ ನಾನಿ ಹೊರಗೆ, ಸ್ಕೋಲ್ಸ್ ಒಳಗೆ. ಸ್ವಲ್ಪ ಹೊತ್ತಿಗೇ ಅವರ ಒಂದು ಪಾಸ್ ತಪ್ಪಿ ಎದುರಾಳಿಯ ಕಾಲಿಗೆ ಹೋಯಿತು. ಅದೇ ಆಟ ಮುಂದುವರಿದು ಅಗುವೆರೊ ಗೋಲು ಹೊಡೆದರು, 3–2. ಯುನೈಟೆಡ್ ಹೇಗೋ ಗೆದ್ದಿತು. ಮುದುಕನನ್ನು ಯಾಕೆ ಕರೆದರು ಎಂದು ಗೊಣಗಲು ಬೇಕಾದಷ್ಟು ಸರಕು ಆ ಅರ್ಧ ಗಂಟೆಯಲ್ಲಿ ಸಿಕ್ಕಿತ್ತು. ಆರು ದಿನ ಕಳೆದ ಮೇಲೆ ಬೋಲ್ಟನ್ ವಿರುದ್ಧ ಅದೇ ಸ್ಕೋಲ್ಸ್ ಗೋಲು ಹೊಡೆದಾಗ ಗೊಣಗಾಟ ತಣ್ಣಗಾಯಿತು.

ಫುಟ್‌ಬಾಲ್‌ನಲ್ಲಿ ಇದು ಆಗಾಗ ನಡೆಯುವ ಕಥೆ. ಕ್ಲಬ್ಬಿನ ಬಳಿ ಹಣವಿದೆ, ಪ್ರತಿಭೆ ಹುಡುಕುವವರ ಪಡೆಯಿದೆ, ಹತ್ತು ದೇಶದ ಆಟಗಾರರ ವಿಡಿಯೊ ಇದೆ. ಆದರೂ ಕಷ್ಟ ಬಂದ ದಿನ ಕೋಚ್ ಫೋನ್ ಮಾಡುವುದು ಹಳೆಯ ಆಟಗಾರನಿಗೆ. ಕೇಳಿದರೆ ಸಿಗುವ ಉತ್ತರವೂ ಒಂದೇ: ಆತನಿಗೆ ನಮ್ಮ ಸಿಸ್ಟಂ ಗೊತ್ತು. ಈ ಉತ್ತರ ಅರ್ಧ ನಿಜ. ಇನ್ನರ್ಧ ಕ್ಲಬ್ಬು ತನ್ನ ಬಗ್ಗೆ ತಾನೇ ಕೊಡುವ ಹೇಳಿಕೆ. ತಮ್ಮ ಆಟವನ್ನು ಬೇರೆ ಯಾರಿಗೂ ಸರಿಯಾಗಿ ಕಲಿಸಿಲ್ಲ ಅಂತ ಒಪ್ಪಿಕೊಂಡ ಹಾಗೆ.

ಮೊದಲು ನಿಜವಾದ ಅರ್ಧವನ್ನೇ ನೋಡೋಣ. ಸಿಸ್ಟಂ ಅಂದರೆ 4–4–2, 4–3–3 ಎಂದು ಟೀವಿಯಲ್ಲಿ ತೋರಿಸುವ ಚುಕ್ಕೆಗಳಲ್ಲ. ಅದನ್ನು ಒಂದು ಮಧ್ಯಾಹ್ನದಲ್ಲಿ ಯಾರಿಗಾದರೂ ವಿವರಿಸಬಹುದು. ರೈಟ್ ಬ್ಯಾಕ್ ಮುಂದೆ ಓಡಿದರೆ ಅವನ ಹಿಂದಿನ ಜಾಗ ತುಂಬುವವನು ಯಾರು, ನಮ್ಮ ವಿಂಗರ್‌ಗೆ ಚೆಂಡು ಕಾಲಿಗೆ ಬೇಕೋ ಓಟದ ಮುಂದಕ್ಕೆ ಬೇಕೋ, ಎದುರಾಳಿ ಗೋಲ್‌ಕೀಪರ್ ಯಾವ ಡಿಫೆಂಡರ್‌ಗೆ ಚೆಂಡು ಕೊಟ್ಟಾಗ ನಾವೆಲ್ಲ ಒಟ್ಟಿಗೆ ಮೇಲೆ ಬೀಳಬೇಕು, ಯಾವಾಗ ಸುಮ್ಮನೆ ನಿಲ್ಲಬೇಕು. ಇಂಥ ನೂರಾರು ಸಣ್ಣ ಒಪ್ಪಂದಗಳು ಸೇರಿದ್ದೇ ಸಿಸ್ಟಂ. ಅದರಲ್ಲಿ ಹೆಚ್ಚಿನವು ಬಾಯಿಬಿಟ್ಟು ಹೇಳಿದವಲ್ಲ, ಒಟ್ಟಿಗೆ ಆಡಿ ಆಡಿ ಕೂತವು.

ಇದನ್ನು ನೋಡಲು ಮ್ಯಾಂಚೆಸ್ಟರ್ ತನಕ ಹೋಗಬೇಕಿಲ್ಲ. ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದ ಬದಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತರೆ ಸಾಕು. ಇಪ್ಪತ್ತರ ಹುಡುಗರ ನಡುವೆ ಹೊಟ್ಟೆ ಸ್ವಲ್ಪ ಮುಂದೆ ಬಂದ ಒಬ್ಬ ಸೀನಿಯರ್ ಸ್ಟಾಪರ್ ಆಡುತ್ತಿರುತ್ತಾರೆ. ಓಡುವುದು ಕಡಿಮೆ, ಕೂಗುವುದು ಜಾಸ್ತಿ. ‘ಮ್ಯಾನ್ ಆನ್’ ಅಂದರೆ ಹಿಂದೆ ಆಳಿದ್ದಾನೆ, ಬೇಗ ಬಿಡು ಎಂದರ್ಥ. ‘ಟೈಮ್’ ಅಂದರೆ ಗಾಬರಿ ಬೇಡ, ತಿರುಗು. ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಕಲಸಿದ ಆ ಕೂಗಿನಿಂದಲೇ ಮುಂದಿನ ನಾಲ್ಕು ಹುಡುಗರು ಸರಿಯಾದ ಜಾಗದಲ್ಲಿ ನಿಂತಿರುತ್ತಾರೆ. ಆತ ಹೊರಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಸಾಲು ಚೆದುರುತ್ತದೆ.

ಸ್ಕೋಲ್ಸ್ ಮಾಡುತ್ತಿದ್ದುದರ ತಿರುಳೂ ಇದೇ, ಆದರೆ ದೊಡ್ಡ ಮಟ್ಟದಲ್ಲಿ. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ತಿರುಗಿ ನೋಡಿ ಮೈದಾನದ ಚಿತ್ರವನ್ನು ತಲೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಚೆಂಡು ಬಂದಾಗ ಯೋಚಿಸುವ ಕೆಲಸ ಬಾಕಿ ಇರುತ್ತಿರಲಿಲ್ಲ. ನಡುಮೈದಾನದಿಂದ ಆ ಕಡೆಯ ಗೆರೆಯ ತನಕ ಓರೆಯಾಗಿ ತೂರಿಬಿಡುವ ಉದ್ದದ ಪಾಸ್ ಅವರ ಮುದ್ರೆ. ಹೀಗೆ ತಿರುಗಿ ನೋಡುವ ಅಭ್ಯಾಸದ ಮೇಲೆ ನಾರ್ವೆಯ ಗೈರ್ ಯೋರ್ಡೆಟ್ ಎಂಬ ಸಂಶೋಧಕರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಚೆಂಡು ಬರುವ ಮೊದಲು ಹೆಚ್ಚು ಸಲ ಸುತ್ತ ನೋಡುವ ಮಿಡ್‌ಫೀಲ್ಡರ್‌ಗಳ ಪಾಸ್‌ಗಳೇ ಹೆಚ್ಚು ಗುರಿ ಮುಟ್ಟುತ್ತವೆ ಎಂಬುದು ಅವರು ಕಂಡದ್ದು. ಕತ್ತು ತಿರುಗಿಸುವುದಕ್ಕೆ ವಯಸ್ಸು ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಬೇರೆ ಕಡೆ. ಮೊದಲ ಐದು ಹೆಜ್ಜೆಯ ಚಿಮ್ಮು ಹೋಗುತ್ತದೆ. ಬುಧವಾರ ಆಡಿದ ಮೈ ಶನಿವಾರಕ್ಕೆ ಸಿದ್ಧವಾಗುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯು ಒಮ್ಮೆ ಹರಿದರೆ ಮತ್ತೆ ಅಲ್ಲೇ ಹರಿಯುತ್ತದೆ. ಹಾಗಾಗಿ ವಿಂಗರ್‌ಗಳು ಬೇಗ ಮುಗಿಯುತ್ತಾರೆ. ಗೋಲ್‌ಕೀಪರ್‌ಗಳು, ಸೆಂಟರ್ ಬ್ಯಾಕ್‌ಗಳು, ಹಿಂದೆ ನಿಂತು ಆಡಿಸುವ ಮಿಡ್‌ಫೀಲ್ಡರ್‌ಗಳು ಉಳಿಯುತ್ತಾರೆ. ರಯಾನ್ ಗಿಗ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಎಡಗೆರೆಯ ಮೇಲೆ ಗಾಳಿಯ ಹಾಗೆ ಓಡುತ್ತಿದ್ದವರು ಮೂವತ್ತು ದಾಟಿದ ಮೇಲೆ ನಿಧಾನಕ್ಕೆ ನಡುವಿಗೆ ಸರಿದರು, ಯೋಗ ಹಿಡಿದರು, ವರ್ಷ ವರ್ಷವೂ ಒಂದೊಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತ 40ರ ತನಕ ಆಡಿದರು. ಯುನೈಟೆಡ್ ಪರ 963 ಪಂದ್ಯ.

ಈ ಒಂದು ವರ್ಷದ ಒಪ್ಪಂದದ ವಿಷಯದಲ್ಲಿ ಆರ್ಸೆನಲ್‌ನ ಆರ್ಸೆನ್ ವೆಂಗರ್ ಹೆಸರಾಂತ ಜಿಪುಣರು. ಮೂವತ್ತು ದಾಟಿತೇ, ಒಂದೇ ವರ್ಷ. ಡೆನಿಸ್ ಬರ್ಗ್‌ಕ್ಯಾಂಪ್‌ನಂಥ ಕಲಾವಿದರಿಗೂ ಅದೇ ಅಳತೆ. 2006ರಲ್ಲಿ ರಾಬೆರ್ ಪಿರೆಸ್ ಎರಡು ವರ್ಷ ಕೇಳಿದರು, ಕ್ಲಬ್ಬು ಒಂದು ಅಂತು, ಪಿರೆಸ್ ಸ್ಪೇನಿನ ವಿಲ್ಲಾರಿಯಲ್‌ಗೆ ಹೋಗಿಬಿಟ್ಟರು. ಅದಕ್ಕೆ ಸ್ವಲ್ಪ ಮುಂಚೆ ಪ್ಯಾರಿಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆದಿತ್ತು. ಗೋಲ್‌ಕೀಪರ್ ಯೆನ್ಸ್ ಲೇಮನ್ ಹದಿನೆಂಟನೇ ನಿಮಿಷದಲ್ಲಿ ಕೆಂಪು ಕಾರ್ಡ್ ಪಡೆದು ಹೊರಬಿದ್ದಾಗ ಬದಲಿ ಕೀಪರ್‌ಗೆ ಜಾಗ ಮಾಡಲು ವೆಂಗರ್ ಹೊರಗೆ ಕರೆದದ್ದು ಪಿರೆಸ್ ಅವರನ್ನೇ. ಆ ಎರಡೂ ಗಾಯ ಸೇರಿಯೇ ಅವರು ಹೊರಟರು ಅಂತ ನನ್ನ ಊಹೆ.

ಅದೇ ಜಿಪುಣ ವೆಂಗರ್ ಕಾಲದಲ್ಲೇ ಹಳಬರು ಸಾಲಾಗಿ ವಾಪಸು ಬಂದರು ಎಂಬುದು ಮಜಾ. 2010ರಲ್ಲಿ ಸೋಲ್ ಕ್ಯಾಂಪ್‌ಬೆಲ್. 2012ರ ಜನವರಿಯಲ್ಲಿ ನ್ಯೂಯಾರ್ಕ್‌ನಿಂದ ಎರಡು ತಿಂಗಳ ಎರವಲಿಗೆ ತಿಯರಿ ಆನ್ರಿ. ಸ್ಕೋಲ್ಸ್ ಮರಳಿದ ಮಾರನೇ ದಿನವೇ ಲೀಡ್ಸ್ ವಿರುದ್ಧ ಬದಲಿಯಾಗಿ ಇಳಿದ ಆನ್ರಿ ಹತ್ತೇ ನಿಮಿಷದಲ್ಲಿ ಗೋಲು ಹೊಡೆದರು. ಎಡಗಡೆಯಿಂದ ಒಳಗೆ ಬಂದು ದೂರದ ಕಂಬದ ಬದಿಗೆ ತಳ್ಳುವ ಅದೇ ಹಳೆಯ ಗೋಲು. ಇಡೀ ಸ್ಟೇಡಿಯಂಗೆ ಬಾಯಿಪಾಠ ಇದ್ದದ್ದು, ಲೀಡ್ಸ್ ಡಿಫೆಂಡರ್‌ಗಳಿಗೂ ಗೊತ್ತಿದ್ದದ್ದು. ಆದರೂ ತಡೆಯಲಾಗಲಿಲ್ಲ.

ನನಗೆ ಮಾತ್ರ ಹೆಚ್ಚು ಇಷ್ಟವಾದದ್ದು ಲೇಮನ್ ಪ್ರಕರಣ. 2003–04ರಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ ಆರ್ಸೆನಲ್ ತಂಡದ 38 ಪಂದ್ಯಗಳಲ್ಲೂ ಗೋಲಿನ ಮುಂದೆ ನಿಂತಿದ್ದವರು ಅವರು. 2007ರಲ್ಲಿ ಮನುಯೆಲ್ ಅಲ್ಮುನಿಯಾ ಅವರ ಜಾಗ ಕಿತ್ತುಕೊಂಡರು. ಲೇಮನ್ ಸುಮ್ಮನಿರುವ ಜಾಯಮಾನದವರಲ್ಲ, ಪತ್ರಿಕೆಗಳ ಮುಂದೆಯೇ ಸಿಡುಕಿದರು, ಮರು ವರ್ಷ ಜರ್ಮನಿಗೆ ಹೋದರು, 2010ರಲ್ಲಿ ಆಟ ಬಿಟ್ಟರು. 2011ರ ಮಾರ್ಚ್‌ನಲ್ಲಿ ಆರ್ಸೆನಲ್‌ನ ಕೀಪರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡರು. ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಆಡುವಾಗ ಬೆರಳಿಗೆ ಪೆಟ್ಟು ಮಾಡಿಕೊಂಡ ಪೋಲೆಂಡಿನ ಹುಡುಗ ವೊಯ್ಚೆಕ್ ಶ್ಚೆನ್ಸ್‌ನಿ ಅವರಲ್ಲೊಬ್ಬ. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ. ವೆಂಗರ್ 41ರ ಲೇಮನ್ ಅವರನ್ನು ಸೀಸನ್ ಮುಗಿಯುವ ತನಕ ಎಂದು ಸೇರಿಸಿಕೊಂಡರು. ಬರೀ ಬೆಂಚಿಗೆ ಅಂತಲೇ ಎಲ್ಲರೂ ತಿಳಿದದ್ದು. ಏಪ್ರಿಲ್ 10ರಂದು ಬ್ಲ್ಯಾಕ್‌ಪೂಲ್‌ನಲ್ಲಿ ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ ಅಲ್ಮುನಿಯಾ ಮೊಣಕಾಲು ಹಿಡಿದುಕೊಂಡು ಕುಸಿದರು. ಅದೇ ಅಲ್ಮುನಿಯಾ! ಲೇಮನ್ ಕೈಗವಸು ಹಾಕಿಕೊಂಡು ಹೋಗಿ ಆಡಿದರು. ಆರ್ಸೆನಲ್‌ಗೆ ಅದು ಅವರ 200ನೇ ಪಂದ್ಯ. ತಂಡ 3–1ರಲ್ಲಿ ಗೆದ್ದಿತು. ಆ ಸೀಸನ್ನಿನಲ್ಲಿ ಅವರು ಮತ್ತೆ ಆಡಬೇಕಾಗಿ ಬರಲಿಲ್ಲ.

ಹಳಬರನ್ನು ಕರೆಯುವುದಿದ್ದರೆ ಹೀಗೆ ಕರೆಯಬೇಕು ಎಂಬುದು ನನ್ನ ಅಭಿಪ್ರಾಯ. ಕೆಲಸ ಯಾವುದು ಎಂದು ಗೊತ್ತು, ಎಷ್ಟು ದಿನಕ್ಕೆ ಎಂದು ಗೊತ್ತು, ಯಾರ ದಾರಿಗೂ ಅಡ್ಡವಿಲ್ಲ. ಮದುವೆ ಮನೆಯಲ್ಲಿ ಅಡುಗೆಯವರು ಕೈಕೊಟ್ಟ ದಿನ ಊರಿನ ಹಳೇ ಭಟ್ಟರನ್ನು ಕರೆಸಿದಂತೆ. ಅವರಿಗೆ ಎಷ್ಟು ಎಲೆಗೆ ಎಷ್ಟು ಅಕ್ಕಿ ಎಂದು ಹೇಳಿಕೊಡಬೇಕಿಲ್ಲ. ಹಾಗೆಂದು ಅಡುಗೆಮನೆಯನ್ನೇ ಅವರ ಹೆಸರಿಗೆ ಬರೆದುಕೊಡುವುದೂ ಇಲ್ಲ.

ಬರೆದುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಎಸಿ ಮಿಲಾನ್ ಇದೆ. ಮುಪ್ಪನ್ನು ಮುಂದೂಡುವುದನ್ನೇ ಒಂದು ಶಾಸ್ತ್ರ ಮಾಡಿಕೊಂಡ ಕ್ಲಬ್ಬು ಅದು. 2002ರಲ್ಲಿ ‘ಮಿಲಾನ್ ಲ್ಯಾಬ್’ ಎಂಬ ವೈದ್ಯಕೀಯ ಪ್ರಯೋಗಾಲಯ ಕಟ್ಟಿ, ಆಟಗಾರರ ಸ್ನಾಯು, ನಿದ್ದೆ, ಆಯಾಸ ಎಲ್ಲವನ್ನೂ ಅಳೆಯಲು ಶುರು ಮಾಡಿತು. ಫಲವೂ ಸಿಕ್ಕಿತು. 2007ರ ಮೇ 23ರಂದು ಅಥೆನ್ಸ್‌ನಲ್ಲಿ ಲಿವರ್‌ಪೂಲ್ ಅನ್ನು 2–1ರಲ್ಲಿ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದ ಹನ್ನೊಂದು ಜನರ ಸರಾಸರಿ ವಯಸ್ಸು 31 ದಾಟಿತ್ತು. ನಾಯಕ ಪಾವ್ಲೊ ಮಾಲ್ದೀನಿಗೆ 38. ಎರಡೂ ಗೋಲು ಹೊಡೆದ ಇನ್ಜಾಗಿಗೆ 33. ಅದಕ್ಕೆ ನಾಲ್ಕೇ ದಿನ ಮುಂಚೆ 41ರ ಕೊಸ್ತಾಕುರ್ತಾ ಉದಿನೆಸೆ ವಿರುದ್ಧ ಪೆನಾಲ್ಟಿ ಗೋಲು ಹೊಡೆದು, ಇಟಲಿಯ ಲೀಗ್‌ನ ಅತಿ ಹಿರಿಯ ಗೋಲುದಾರನಾಗಿ ಬೂಟು ಕಳಚಿದ್ದರು.

ಗೆದ್ದ ತಂಡವನ್ನು ಒಡೆಯಲು ಯಾರಿಗೆ ಮನಸ್ಸು ಬರುತ್ತದೆ? ಮಿಲಾನ್‌ಗೂ ಬರಲಿಲ್ಲ. ಹಳಬರಿಗೆ ಒಂದೊಂದೇ ವರ್ಷ ಕೊಡುತ್ತ ಹೋಯಿತು. ಆ ನಿಯಮದ ವಿಪರೀತವೂ ಅಲ್ಲೇ ಕಾಣಿಸಿತು. 2011ರಲ್ಲಿ 32 ವಯಸ್ಸಿನ ಆಂದ್ರೆಯಾ ಪಿರ್ಲೊಗೆ ಒಂದು ವರ್ಷಕ್ಕಿಂತ ಹೆಚ್ಚು ಕೊಡಲು ಕ್ಲಬ್ಬು ಒಪ್ಪಲಿಲ್ಲ. ಯುವೆಂಟಸ್ ಮೂರು ವರ್ಷ ಕೊಟ್ಟು, ವರ್ಗಾವಣೆಗೆಂದು ಬಿಡಿಗಾಸೂ ತೆರದೆ ಕರೆದೊಯ್ದಿತು. ಅವರಿದ್ದ ನಾಲ್ಕೂ ಸೀಸನ್ ಯುವೆಂಟಸ್ ಲೀಗ್ ಗೆದ್ದಿತು. ಮೊದಲನೆಯದರಲ್ಲಂತೂ ಒಂದೂ ಪಂದ್ಯ ಸೋಲಲಿಲ್ಲ. ಇತ್ತ ನೆಸ್ಟಾ, ಸೀಡಾರ್ಫ್, ಇನ್ಜಾಗಿ ಒಂದು ವರ್ಷಕ್ಕೆ ಒಪ್ಪಿ ಮಿಲಾನ್‌ನಲ್ಲಿ ಉಳಿದರು. ಮರು ವರ್ಷ, 2012ರ ಬೇಸಿಗೆಯಲ್ಲಿ, ಗಟ್ಟೂಸೊ ಸೇರಿ ಅವರೆಲ್ಲ ಒಟ್ಟಿಗೇ ಹೋದರು. ಹಣಕ್ಕಾಗಿ ಇಬ್ರಾಹಿಮೊವಿಚ್ ಮತ್ತು ತಿಯಾಗೊ ಸಿಲ್ವಾ ಅವರನ್ನು ಪ್ಯಾರಿಸ್‌ಗೆ ಮಾರಿದರು. ಒಂದೇ ಬೇಸಿಗೆಯಲ್ಲಿ ಡ್ರೆಸಿಂಗ್ ರೂಮಿನ ನೆನಪೇ ಖಾಲಿಯಾಯಿತು. 2014ರ ನಂತರ ಚಾಂಪಿಯನ್ಸ್ ಲೀಗ್‌ನಲ್ಲಿ ಮತ್ತೆ ಕಾಲಿಡಲು ಮಿಲಾನ್‌ಗೆ 2021 ಬರಬೇಕಾಯಿತು.

ಮೂವತ್ತರ ಮೇಲಿನವರೆಲ್ಲ ಒಂದೇ ಎಂದು ಹುಟ್ಟಿದ ತಾರೀಕು ನೋಡಿ ಗೆರೆ ಎಳೆಯುವ ಕಚೇರಿಗೆ ಯಾವ ಹಳಬ ಇನ್ನೂ ನಾಲ್ಕು ವರ್ಷ ಬಾಳುತ್ತಾನೆ, ಯಾವನು ಹೆಸರಿನ ಮೇಲೆ ನಡೆಯುತ್ತಿದ್ದಾನೆ ಎಂದು ತಿಳಿಯುವುದಿಲ್ಲ. ಓಡದೆಯೇ ಆಡುವ ಪಿರ್ಲೊ ಒಂದು ಬಗೆ. ಓಟವೇ ಬಂಡವಾಳವಾದವರು ಇನ್ನೊಂದು ಬಗೆ.

ಮುಂದೆ ಇದೇ ಮಿಲಾನ್ 38 ವಯಸ್ಸಿನ ಜ್ಲಾಟನ್ ಇಬ್ರಾಹಿಮೊವಿಚ್ ಅವರನ್ನು 2020ರ ಜನವರಿಗೆ ವಾಪಸು ಕರೆತಂದಿತು. ಹತ್ತು ದಿನ ಮುಂಚೆಯಷ್ಟೇ ತಂಡ ಅಟಲಾಂಟಾ ಕೈಯಲ್ಲಿ 5–0 ಸೋತು ಮುಖ ಮುಚ್ಚಿಕೊಂಡಿತ್ತು. ಸಿಸ್ಟಂ ಗೊತ್ತೆಂಬ ಮಾತಿಗೆ ಇಲ್ಲಿ ಅರ್ಥವೇ ಇರಲಿಲ್ಲ. ಎಂಟು ವರ್ಷದಲ್ಲಿ ಕೋಚ್, ಮಾಲೀಕರು, ಆಟದ ರೀತಿ ಎಲ್ಲ ಬದಲಾಗಿತ್ತು. ಜ್ಲಾಟನ್ ತಂದದ್ದು ಬೇರೆ. ಅಭ್ಯಾಸದಲ್ಲಿ ಪಾಸ್ ಸಡಿಲವಾದರೆ ಯಾರ ಮುಖವನ್ನೂ ನೋಡದೆ ಬೈಯುವ, ಸೋಲನ್ನು ಮಾಮೂಲು ಎಂದು ಒಪ್ಪಿಕೊಳ್ಳದ ಗುಣ. ಸುತ್ತ ಇದ್ದವರು ಇಪ್ಪತ್ತರ ಆಸುಪಾಸಿನ ಹುಡುಗರು. 2022ರಲ್ಲಿ, ಹನ್ನೊಂದು ವರ್ಷದ ಮೇಲೆ, ಮಿಲಾನ್ ಲೀಗ್ ಗೆದ್ದಿತು. ಮೊಣಕಾಲಿನ ಲಿಗಮೆಂಟ್ ಇಲ್ಲದೆಯೇ ಕೊನೆಯ ಆರು ತಿಂಗಳು ಕಳೆದೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಇನ್ನೊಂದು ವರ್ಷ ಎಳೆದರು, ಹೆಚ್ಚು ಹೊತ್ತು ಬೆಂಚಿನ ಹಿಂದೆಯೇ ಕಳೆದರು. 2023ರ ಮಾರ್ಚ್‌ನಲ್ಲಿ ಒಂದು ಪೆನಾಲ್ಟಿ ಗೋಲು ಹೊಡೆದು ಕೊಸ್ತಾಕುರ್ತಾ ದಾಖಲೆ ಮುರಿದರು. ಎದುರಾಳಿ, ಮತ್ತೆ ಅದೇ ಉದಿನೆಸೆ.

ಹೀಗೆ ಎಳೆಯುವುದಕ್ಕೆ ಆಟಗಾರನ ಆಸೆಯೊಂದೇ ಕಾರಣವಲ್ಲ. ಲೆಕ್ಕವೂ ಇದೆ. 1995ರ ಬೋಸ್ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಒಪ್ಪಂದ ಮುಗಿದ ಆಟಗಾರ ಎಲ್ಲಿಗೆ ಬೇಕಾದರೂ ಹೋಗಬಹುದು, ಹಳೇ ಕ್ಲಬ್ಬಿಗೆ ಹಣ ಕೊಡಬೇಕಿಲ್ಲ. ಅಂದರೆ ಹಳಬನನ್ನು ಉಳಿಸಿಕೊಳ್ಳಲು ಸಂಬಳ ಮಾತ್ರ ಸಾಕು. ಅವನ ಜಾಗಕ್ಕೆ ಹೊಸಬನನ್ನು ತರಲು ಕೋಟಿಗಟ್ಟಲೆ ಸುರಿಯಬೇಕು, ಮೇಲೆ ಅವನು ಆಟಕ್ಕೆ ಒಗ್ಗುವ ತನಕ ಕಾಯಬೇಕು. ಕಾಯುವ ವ್ಯವಧಾನ ಕೋಚ್‌ಗೆ ಇರುವುದಿಲ್ಲ, ನಾಲ್ಕು ಪಂದ್ಯ ಸೋತರೆ ಅವರದೇ ಕುರ್ಚಿ ಅಲುಗಾಡುತ್ತದೆ. ಮೂರು ವರ್ಷದ ಮೇಲೆ ಫಲ ಕೊಡುವ ಹುಡುಗನನ್ನು ಆಡಿಸಿದರೆ ಫಲ ಉಣ್ಣುವವರು ಮುಂದಿನ ಕೋಚ್. ಹಳಬ ಈ ಶನಿವಾರಕ್ಕೇ ಒದಗುತ್ತಾನೆ. ಕೋಚ್‌ಗಳನ್ನು ಬೈಯುವ ಮೊದಲು ಇದನ್ನೂ ಯೋಚಿಸಬೇಕು.

ರಿಯಲ್ ಮ್ಯಾಡ್ರಿಡ್ ಈ ಲೆಕ್ಕದಲ್ಲಿ ಬಲು ನಿಷ್ಠುರ. ಹದಿನಾರು ವರ್ಷ ಆಡಿದ ನಾಯಕ ಸೆರ್ಜಿಯೊ ರಾಮೋಸ್‌ಗೆ 2021ರಲ್ಲಿ ಒಂದು ವರ್ಷದ ಪ್ರಸ್ತಾಪ ಬಂತು. ಅವರಿಗೆ ಎರಡು ಬೇಕಿತ್ತು. ಕೊನೆಗೆ ಒಂದಕ್ಕೇ ಒಪ್ಪಿದಾಗ, ಅದರ ಗಡುವು ಮುಗಿಯಿತು ಎಂದು ಹೇಳಿದರಂತೆ. ಬೀಳ್ಕೊಡುಗೆಯ ಪತ್ರಿಕಾಗೋಷ್ಠಿಯಲ್ಲಿ ರಾಮೋಸ್ ಅವರೇ ಇದನ್ನು ಬಾಯಿಬಿಟ್ಟರು. ಲೂಕಾ ಮಾಡ್ರಿಚ್ ಮಾತ್ರ ತಕರಾರಿಲ್ಲದೆ ವರ್ಷ ವರ್ಷ ಸಹಿ ಹಾಕುತ್ತ, ಮೊದಲ ಹನ್ನೊಂದರಿಂದ ಬೆಂಚಿಗೆ ಸರಿಯುವುದನ್ನೂ ಒಪ್ಪಿಕೊಂಡು, 2025ರ ತನಕ ಉಳಿದರು. ನಂತರ ಹೋದದ್ದು ಮಿಲಾನ್‌ಗೆ. ಇನ್ನೆಲ್ಲಿಗೆ?

ಇನ್ನು ಮ್ಯಾಂಚೆಸ್ಟರ್‌ಗೆ ವಾಪಸು ಹೋಗಿ ಆ ಕಥೆಯ ಇನ್ನೊಂದು ಬದಿ ನೋಡಬೇಕು. ಸ್ಕೋಲ್ಸ್ ಮರಳುವ ಎಂಟು ದಿನ ಮುಂಚೆ, 2011ರ ಡಿಸೆಂಬರ್ 31ರಂದು, ಯುನೈಟೆಡ್ ಕೋಚ್ ಅಲೆಕ್ಸ್ ಫರ್ಗ್ಯೂಸನ್ ಅವರ ಎಪ್ಪತ್ತನೇ ಹುಟ್ಟುಹಬ್ಬ. ಅಂದು ಲೀಗ್‌ನ ಕಟ್ಟಕಡೆಯಲ್ಲಿದ್ದ ಬ್ಲ್ಯಾಕ್‌ಬರ್ನ್ ಓಲ್ಡ್ ಟ್ರ್ಯಾಫರ್ಡ್‌ಗೆ ಬಂದು 3–2ರಲ್ಲಿ ಗೆದ್ದು ಹೋಯಿತು. ನಡುಮೈದಾನದಲ್ಲಿ ಆಡಲು ಆಳುಗಳೇ ಇರಲಿಲ್ಲ. ಫ್ಲೆಚರ್ ಕಾಯಿಲೆ ಬಿದ್ದಿದ್ದರು, ಕ್ಲೆವರ್ಲಿ ಮತ್ತು ಆಂಡರ್ಸನ್‌ಗೆ ಗಾಯ. ಫರ್ಗ್ಯೂಸನ್ ಅಲ್ಲಿ ನಿಲ್ಲಿಸಿದ್ದು ರೈಟ್ ಬ್ಯಾಕ್ ರಫಾಯೆಲ್ ಮತ್ತು ಪಾರ್ಕ್ ಜಿ ಸುಂಗ್ ಅವರನ್ನು. ಬೆಂಚಿನ ಮೇಲೆ 18 ವಯಸ್ಸಿನ ಒಬ್ಬ ನಿಜವಾದ ಮಿಡ್‌ಫೀಲ್ಡರ್ ಕೂತಿದ್ದ. ಹೆಸರು ಪಾಲ್ ಪೊಗ್ಬಾ. ಡಿಫೆಂಡರ್ ಒಬ್ಬನನ್ನು ನಡುವಿಗೆ ತಂದು ತನ್ನನ್ನು ಬಿಟ್ಟದ್ದು ಅವನಿಗೆ ಚುಚ್ಚಿತು. ಮುಂದೆ ಅವನೇ ಅದನ್ನು ಹೇಳಿಕೊಂಡಿದ್ದಾನೆ. ಅದಾದ ವಾರಕ್ಕೆ ನಿವೃತ್ತರಾದವರೇ ವಾಪಸು ಬಂದರು. ಆ ಬೇಸಿಗೆಯಲ್ಲಿ ಪೊಗ್ಬಾ ಯುವೆಂಟಸ್ ಸೇರಿದ. ಅಲ್ಲಿ ಪಕ್ಕದಲ್ಲಿ ನಿಂತು ಆಡಿದವರು ಯಾರು ಎಂದರೆ, ಮಿಲಾನ್ ಬೇಡವೆಂದ ಪಿರ್ಲೊ. ಅವನು ಅಲ್ಲಿದ್ದ ನಾಲ್ಕು ಸೀಸನ್ನಿನಲ್ಲೂ ತಂಡ ಲೀಗ್ ಗೆದ್ದಿತು. 2016ರಲ್ಲಿ ಅದೇ ಯುನೈಟೆಡ್ ಅವನನ್ನು 8.9 ಕೋಟಿ ಪೌಂಡ್ ಕೊಟ್ಟು ಕೊಂಡುಕೊಂಡಿತು. ಆ ಹೊತ್ತಿಗೆ ಜಗತ್ತಿನ ದಾಖಲೆ ಬೆಲೆ.

ಪೊಗ್ಬಾ ಹೋಗಲು ಬೇರೆ ಕಾರಣಗಳೂ ಇದ್ದವು, ಸಂಬಳದ್ದು, ಏಜೆಂಟನದ್ದು. ಎಲ್ಲವನ್ನೂ ಸ್ಕೋಲ್ಸ್ ತಲೆಗೆ ಕಟ್ಟುವುದು ಅನ್ಯಾಯ. ಫರ್ಗ್ಯೂಸನ್ ಲೆಕ್ಕ ಅವರ ಮಟ್ಟಿಗೆ ಸರಿಯಾಗಿಯೇ ಇತ್ತು. ಆ ವರ್ಷ ಮ್ಯಾಂಚೆಸ್ಟರಿನ ಎರಡೂ ತಂಡಗಳು ತಲಾ 89 ಅಂಕ ಗಳಿಸಿದವು, ಗೋಲು ವ್ಯತ್ಯಾಸದಲ್ಲಿ ಯುನೈಟೆಡ್ ಸಿಟಿಗೆ ಪ್ರಶಸ್ತಿ ಬಿಟ್ಟುಕೊಟ್ಟಿತು. ಸ್ಕೋಲ್ಸ್ ಇನ್ನೊಂದು ಸೀಸನ್‌ಗೆ ಸಹಿ ಹಾಕಿದರು, 2013ರಲ್ಲಿ ಲೀಗ್ ಗೆದ್ದರು, ಫರ್ಗ್ಯೂಸನ್ ಜೊತೆಗೇ ವಿದಾಯ ಹೇಳಿದರು. ಬಿಲ್ಲು ಬಂದದ್ದು ಹೊಸ ಕೋಚ್ ಡೇವಿಡ್ ಮೋಯೆಸ್ ಮೇಜಿಗೆ. ಅದೇ ಯುನೈಟೆಡ್ ಮರು ವರ್ಷ ಏಳನೇ ಸ್ಥಾನಕ್ಕೆ ಇಳಿಯಿತು. 2014ರ ಬೇಸಿಗೆಯಲ್ಲಿ ಗಿಗ್ಸ್, ಫರ್ಡಿನಾಂಡ್, ವಿಡಿಚ್, ಎವ್ರಾ ನಾಲ್ವರೂ ಹೊರಟರು. ಮಿಲಾನ್‌ನ 2012ರ ಪುಟವನ್ನೇ ಮತ್ತೆ ಓದಿದಂತಿತ್ತು.

ನಮ್ಮ ಕಡೆ ಈ ಮಾತೆತ್ತಿದರೆ ಬರುವುದು ಒಂದೇ ಹೆಸರು. ಸುನಿಲ್ ಚೆಟ್ರಿ 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ ಇಲ್ಲಿಗೆ ಬಂದರು. ಮೊದಲ ಸೀಸನ್ನಿನಲ್ಲೇ ಐ ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2019ರಲ್ಲಿ ಐಎಸ್ಎಲ್ ಪ್ರಶಸ್ತಿ. ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್, ಪೆಜ್ಜಾಯುವೊಲಿ, ಗ್ರೇಸನ್, ಜರಗೋಜಾ ಎಂದು ಕೋಚ್‌ಗಳು ಬಂದರು, ಅವರವರ ಸಿಸ್ಟಂ ತಂದರು. ಮೇಲಿಂದ ಮೇಲೆ ಒಪ್ಪಂದ ಬೆಳೆಸಿಕೊಂಡು ಉಳಿದವರು ಚೆಟ್ರಿ. ಹಾಗಾದರೆ ಅವರಿಗೆ ಯಾವ ಸಿಸ್ಟಂ ಗೊತ್ತು? ಬೆಂಗಳೂರಿನ ಮಟ್ಟಿಗೆ ಪ್ರಶ್ನೆಯನ್ನೇ ತಿರುಗಿಸಬೇಕು. ಬಂದ ಪ್ರತಿ ಕೋಚೂ ಚೆಟ್ರಿ ಎಲ್ಲಿ ನಿಲ್ಲುತ್ತಾರೆ, ಯಾವಾಗ ಒಳಗೆ ನುಗ್ಗುತ್ತಾರೆ ಎಂದು ಕಲಿತು ಅದರ ಸುತ್ತ ತಂಡ ಕಟ್ಟಬೇಕಾಯಿತು.

2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರಿಗಿತ್ತು. ಈ ಪಂದ್ಯ ಎಂದರೆ ಅರ್ಧ ಸ್ಟೇಡಿಯಂ ಹಳದಿಯಾಗುತ್ತದೆ, ವೆಸ್ಟ್ ಬ್ಲಾಕ್‌ನ ನೀಲಿ ಹುಡುಗರ ಡ್ರಮ್ಮು ಶುರುವಿನಿಂದಲೇ ಜೋರು. ಚೆಟ್ರಿ ಅಂದು ಮೂರು ಗೋಲು ಹೊಡೆದರು, ತಂಡ 4–2ರಲ್ಲಿ ಗೆದ್ದಿತು. ವಯಸ್ಸು 40 ವರ್ಷ, 126 ದಿನ. ಐಎಸ್ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ. ಮೊದಲನೆಯದು ಹೆಡರ್. ಎತ್ತರ ಐದಡಿ ಏಳಿಂಚಿನ ಸುಮಾರು, ಅವರನ್ನು ಕಾಯುವ ಡಿಫೆಂಡರ್‌ಗಳು ಆರಡಿ. ಆದರೂ ಇಷ್ಟು ವರ್ಷ ತಲೆಯಲ್ಲಿ ಗೋಲು ಹೊಡೆದದ್ದು ಹೇಗೆ ಎಂದು ನೋಡಲು ಚೆಂಡನ್ನು ಬಿಟ್ಟು ಅವರನ್ನೇ ಗಮನಿಸಬೇಕು. ಕ್ರಾಸ್ ಬರುವ ಮುಂಚೆ ಒಂದು ಹೆಜ್ಜೆ ಹಿಂದೆ ಸರಿದು ಡಿಫೆಂಡರ್ ಬೆನ್ನಿನ ಮರೆಗೆ ಹೋಗುತ್ತಾರೆ. ಆತ ಚೆಂಡು ನೋಡಲೆಂದು ಮುಖ ತಿರುಗಿಸಿದ ಕ್ಷಣ ಮುಂದಿನ ಕಂಬದ ಕಡೆ ನುಗ್ಗಿರುತ್ತಾರೆ. ಜಿಗಿತಕ್ಕಿಂತ ಹೊತ್ತು ನೋಡಿ ಹೊರಡುವುದು ಇಲ್ಲಿ ಮುಖ್ಯ. ಆ ಸೀಸನ್ನಿನಲ್ಲಿ 14 ಗೋಲು, ಭಾರತೀಯರಲ್ಲಿ ಯಾರೂ ಹತ್ತಿರವಿಲ್ಲ. ತಂಡ ಫೈನಲ್ ತನಕ ಹೋಗಿ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ ಸೋತಿತು. ಅದೇ ತಂಡದಲ್ಲಿ ಇನ್ನೊಬ್ಬ ಮರಳಿ ಬಂದವರು ಡಿಫೆಂಡರ್ ರಾಹುಲ್ ಭೆಕೆ. 2019ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವರು, ಮುಂಬೈಗೆ ಹೋಗಿ 2024ರಲ್ಲಿ ವಾಪಸಾದವರು.

ಕ್ಲಬ್ಬು ಚೆಟ್ರಿಯನ್ನು ಉಳಿಸಿಕೊಂಡದ್ದರಲ್ಲಿ ತಪ್ಪು ಹುಡುಕಲಾಗದು. ಗೋಲು ಹೊಡೆಯುವವನನ್ನು ಯಾರು ಬಿಡುತ್ತಾರೆ? ಕಸಿವಿಸಿ ಇರುವುದು ದೇಶದ ತಂಡದ ವಿಷಯದಲ್ಲಿ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ, ಗೋಲಿಲ್ಲದ ಡ್ರಾ ಮಾಡಿಕೊಂಡು, ಕಣ್ಣೀರಿಡುತ್ತ ಅವರು ಅಂತರರಾಷ್ಟ್ರೀಯ ಆಟ ಬಿಟ್ಟಿದ್ದರು. ಒಂಬತ್ತು ತಿಂಗಳಿಗೆ ಕೋಚ್ ಮನೋಲೊ ಮಾರ್ಕೆಸ್ ಮತ್ತೆ ಕರೆದರು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3–0 ಗೆಲುವು. ಮೊದಲ ಗೋಲು ಭೆಕೆಯದು, ಮೂರನೆಯದು ಚೆಟ್ರಿಯದು, ದೇಶಕ್ಕಾಗಿ 95ನೆಯದು. ಎಲ್ಲರೂ ಹಿಗ್ಗಿದರು. ಆರು ದಿನದ ಮೇಲೆ ಅದೇ ಮೈದಾನದಲ್ಲಿ, ಏಷ್ಯನ್ ಕಪ್ ಅರ್ಹತೆಯ ಲೆಕ್ಕಕ್ಕೆ ಬರುವ ಪಂದ್ಯದಲ್ಲಿ, ಬಾಂಗ್ಲಾದೇಶದ ವಿರುದ್ಧ ಗೋಲೇ ಬರಲಿಲ್ಲ. ಜೂನ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ 1–0 ಸೋಲು. ಮಾರ್ಕೆಸ್ ಹೋದರು, ಖಾಲಿದ್ ಜಮೀಲ್ ಬಂದರು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರ 2–1ರಲ್ಲಿ ಗೆದ್ದಾಗ 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು.

ಚೆಟ್ರಿ ಇದ್ದರೂ ಆಗಲಿಲ್ಲ ಎಂದು ಬೈದವರಿದ್ದಾರೆ. ಅವರಿಲ್ಲದೆ ಇದ್ದಿದ್ದರೆ ಆಗುತ್ತಿತ್ತು ಎಂದು ತೋರಿಸಲು ಯಾರ ಬಳಿಯೂ ಹೆಸರಿಲ್ಲ. ಸ್ಕೋಲ್ಸ್ ಹಿಂದೆ ಒಬ್ಬ ಪೊಗ್ಬಾ ಕಾಯುತ್ತ ಕೂತಿದ್ದ. ಚೆಟ್ರಿ ಹಿಂದೆ ನೋಡಿದರೆ ಬೆಂಚೇ ಖಾಲಿ. 2014ರಲ್ಲಿ ಐಎಸ್ಎಲ್ ಶುರುವಾದಾಗ ಮೈದಾನದ ಹನ್ನೊಂದರಲ್ಲಿ ಆರು ವಿದೇಶಿಯರು ಆಡಬಹುದಿತ್ತು. 2017ರಲ್ಲಿ ಐದಾಯಿತು, 2021ರಿಂದ ನಾಲ್ಕು. ಸಂಖ್ಯೆ ಇಳಿದರೂ ಕ್ಲಬ್ಬುಗಳು ವಿದೇಶಿಯರಿಗೆ ಮೊದಲು ಕೊಡುವ ಜಾಗ ಸ್ಟ್ರೈಕರ್‌ನದ್ದೇ. ಯಾಕೆಂದರೆ ಗೋಲು ಬೇಕಿರುವುದು ಈ ಶನಿವಾರ. ಭಾರತದ ಹುಡುಗ ಅಕಾಡೆಮಿಯಲ್ಲಿ ಸ್ಟ್ರೈಕರ್ ಆಗಿ ಬೆಳೆದು ಲೀಗ್‌ಗೆ ಬಂದ ಕೂಡಲೇ ಅವನನ್ನು ವಿಂಗ್‌ಗೆ ತಳ್ಳುತ್ತಾರೆ, ಇಲ್ಲವೇ ಎಪ್ಪತ್ತೈದನೇ ನಿಮಿಷಕ್ಕೆ ಇಳಿಸುತ್ತಾರೆ. ಪೆನಾಲ್ಟಿ ಪೆಟ್ಟಿಗೆಯೊಳಗೆ ಡಿಫೆಂಡರ್‌ನ ಬೆನ್ನ ಹಿಂದೆ ಸರಿದು ಕಾಯುವುದನ್ನು ಅವನು ವಾರ ವಾರ ಆಡಿಯೇ ಕಲಿಯಬೇಕು. ಚೆಟ್ರಿ ಕಲಿತದ್ದೂ ಹಾಗೆಯೇ, ವಿದೇಶಿಯರ ಜೊತೆ ಆ ಜಾಗಕ್ಕಾಗಿ ಜಗಳವಾಡಿ.

ಇನ್ನು ಶ್ಚೆನ್ಸ್‌ನಿ. 2011ರಲ್ಲಿ ಬೆರಳು ಕಟ್ಟಿಕೊಂಡು ಲೇಮನ್‌ಗೆ ದಾರಿ ಮಾಡಿಕೊಟ್ಟ ಹುಡುಗ 2019ರಲ್ಲಿ ಯುವೆಂಟಸ್‌ನ ಒಂದನೇ ನಂಬರಿನ ಕೀಪರ್ ಆಗಿದ್ದರು. ಆಗ 41ರ ಬುಫೊನ್ ಅದೇ ಕ್ಲಬ್ಬಿಗೆ ವಾಪಸು ಬಂದರು. ಶ್ಚೆನ್ಸ್‌ನಿ ತಮ್ಮ ನಂಬರು ಬಿಟ್ಟುಕೊಡಲು ಮುಂದಾದರೂ ಬುಫೊನ್ ಬೇಡವೆಂದು 77 ತೊಟ್ಟು ಬೆಂಚಿನ ಮೇಲೆ ಕೂತರು. 2024ರ ಆಗಸ್ಟ್‌ನಲ್ಲಿ, 34ಕ್ಕೆ, ಶ್ಚೆನ್ಸ್‌ನಿ ಆಟ ಬಿಟ್ಟರು. ಎರಡು ತಿಂಗಳೂ ಆಗಲಿಲ್ಲ, ಬಾರ್ಸಿಲೋನಾದ ಟೆರ್ ಸ್ಟೆಗನ್ ಮೊಣಕಾಲು ಹೋಯಿತು, ಫೋನ್ ಬಂತು. ಬಾರ್ಸಾದ ಸಿಸ್ಟಂ ಅವರಿಗೆ ಹೊಸದು. ಡಿಫೆನ್ಸ್ ಅಷ್ಟು ಮುಂದೆ ನಿಂತರೆ ಕೀಪರ್‌ಗೆ ಎದೆ ಢವಢವ. ಆದರೂ ಆ ವರ್ಷ ತಂಡ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು. 2025ರ ಬೇಸಿಗೆಯಲ್ಲಿ ಕ್ಲಬ್ಬು ಅವರ ಒಪ್ಪಂದವನ್ನು 2027ರ ತನಕ ಬೆಳೆಸಿತು. ಅದೇ ಬೇಸಿಗೆಯಲ್ಲಿ ಪಕ್ಕದ ಎಸ್ಪಾನ್ಯೋಲ್‌ನಿಂದ 24ರ ಹುಡುಗ ಜೋನ್ ಗಾರ್ಸಿಯಾನನ್ನು ಸುಮಾರು 2.5 ಕೋಟಿ ಯೂರೊ ಸುರಿದು ತಂದು, ಗೋಲಿನ ಮುಂದೆ ಅವನನ್ನೇ ನಿಲ್ಲಿಸಿತು.